ಹಸು ಒದೆಯುತ್ತದೆ ಎನ್ನುವ ಮೊದಲು ಅದು ನಿಂತ ನೆಲ ನೋಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಕೃಷಿ ಪುಟವನ್ನು ನಾನು ತಪ್ಪದೆ ಓದುತ್ತೇನೆ. ಹಿಂಡಿ ಎಷ್ಟು ಹಾಕಬೇಕು, ಹಸಿಮೇವು ಎಷ್ಟು ಬೇಕು, ಕೆಚ್ಚಲು ಬಾವು ಬಂದರೆ ಏನು ಮಾಡಬೇಕು ಎಂಬುದೆಲ್ಲ ಅಲ್ಲಿ ವಿವರವಾಗಿ ಬರುತ್ತದೆ. ಆದರೆ ಹಸುವಿನ ಸ್ವಭಾವದ ವಿಚಾರ ಬಂದಾಗ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ: ಸಾಧು ಹಸುವನ್ನು ಆರಿಸಿಕೊಳ್ಳಿ. ಆ ಸಾಧುತನ ಎಲ್ಲಿಂದ ಬರುತ್ತದೆ, ಇದ್ದದ್ದು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಬರೆಯುವುದಿಲ್ಲ. ಮೂವತ್ತು ವರ್ಷದಿಂದ ದಿನಕ್ಕೆರಡು ಹೊತ್ತು ಹಾಲು ಕರೆಯುತ್ತಿರುವವಳು ನಾನು. ಆ ಒಂದು ಸಾಲಿನ ಬಗ್ಗೆಯೇ ಈ ಕಾಗದ. ಉದ್ದವಾಯಿತು, ಮನ್ನಿಸಿ.

ಮೂರು ವರ್ಷದ ಹಿಂದೆ ಪರಿಚಯದವರೊಬ್ಬರು ಒಂದು ಕೆಂಪು ಹಸುವನ್ನು ಕೊಟ್ಟುಬಿಡಲು ನಿಂತಿದ್ದರು. ಎರಡನೆಯ ಸೂಲಿನದು, ಕರು ಹಾಕಿ ಒಂದೂವರೆ ತಿಂಗಳು ಆಗಿತ್ತು. "ಇದು ಹುಟ್ಟಾ ತುಂಟ ಅಕ್ಕಾ, ಕಾಲು ಕಟ್ಟದೆ ಕರೆಯೋಕೇ ಆಗಲ್ಲ. ಎರಡು ಸಲ ನನ್ನ ಮಗನ ಕೈಗೆ ಒದ್ದಿದೆ" ಎಂದರು. ನಾನು ಹಸುವಿನ ಹತ್ತಿರ ಹೋಗಲಿಲ್ಲ. ಬಾಗಿಲಲ್ಲೇ ನಿಂತು ಕೊಟ್ಟಿಗೆ ನೋಡಿದೆ. ಹಾಗೆ ನೋಡುವ ಅಭ್ಯಾಸ ನನಗೆ ಏಕೆ ಬಂತೆಂದು ಮುಂದೆ ಹೇಳುತ್ತೇನೆ.

ಒಳಗೆ ಮಬ್ಬುಗತ್ತಲು. ಹಸುವನ್ನು ಗೋಡೆಗೆ ಮುಖ ಮಾಡಿ ಕಟ್ಟಿದ್ದರು. ಕೊರಳ ಹಗ್ಗ ಒಂದು ಮೊಳಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ನೆಲಕ್ಕೆ ನುಣ್ಣಗೆ ತೀಡಿದ ಸಿಮೆಂಟು, ಗಂಜಲ ಹರಿದುಹೋಗಲೆಂದು ಹಿಂದಕ್ಕೆ ಇಳಿಜಾರು. ಹಿಂಗಾಲು ಊರುವ ಕಡೆ ಸಗಣಿ, ಗಂಜಲ ಸೇರಿ ಜಾರುಬಂಡೆಯಂತಾಗಿತ್ತು. ಎರಡೂ ಹಿಂಗಾಲಿನ ಕೀಲುಗಳು ಕೋಳಿಮೊಟ್ಟೆಯಷ್ಟು ಊದಿ, ಮೇಲಿನ ಕೂದಲು ಸವೆದು ಚರ್ಮ ಕಾಣುತ್ತಿತ್ತು. ಬಾಗಿಲಿದ್ದದ್ದು ಅದರ ಬೆನ್ನ ಹಿಂದೆ.

ಹತ್ತು ನಿಮಿಷ ಹಾಗೇ ನಿಂತೆ. ಹಸು ತಲೆ ತಗ್ಗಿಸಿ ನೆಲ ಮೂಸಿತು. ಮುಂಗಾಲು ಮಡಚಿ ಮಲಗಲು ಹೊರಟಿತು. ಹಿಂಗಾಲು ಜಾರಿದ್ದೇ ತಡ, ದಡಬಡಿಸಿ ಎದ್ದು ನಿಂತಿತು. ಸ್ವಲ್ಪ ಹೊತ್ತು ಭಾರವನ್ನು ಆ ಕಾಲಿನಿಂದ ಈ ಕಾಲಿಗೆ ಬದಲಾಯಿಸುತ್ತಾ ನಿಂತಿತು. ಮತ್ತೆ ಮೂಸಿತು, ಮತ್ತೆ ಮಡಚಿತು, ಮತ್ತೆ ಎದ್ದಿತು. ನಾನಿದ್ದಷ್ಟು ಹೊತ್ತಿನಲ್ಲಿ ಮೂರು ಸಲ ಹೀಗಾಯಿತು, ಮಲಗಲಾಗಲೇ ಇಲ್ಲ.

ದನ ಸಾಕದವರಿಗೆ ಒಂದು ವಿಷಯ ಹೇಳಬೇಕು. ಹಸು ಏಳುವಾಗ ಹಿಂಗಾಲನ್ನು ಮೊದಲು ಎತ್ತುತ್ತದೆ. ಅದಕ್ಕಾಗಿ ಮಂಡಿಯ ಮೇಲೆ ನಿಂತು ತಲೆಯನ್ನೂ ಕತ್ತನ್ನೂ ಜೋರಾಗಿ ಮುಂದಕ್ಕೆ ಬೀಸುತ್ತದೆ. ಆ ಬೀಸಿಗೆ ಮುಂದೆ ಖಾಲಿ ಜಾಗ ಬೇಕು. ಎದುರಿಗೆ ಗೋಡೆ ಇದ್ದು ಹಗ್ಗವೂ ಗಿಡ್ಡವಾದರೆ ಎದ್ದಾಗೆಲ್ಲ ಹಣೆ ಬಡಿಯುತ್ತದೆ, ಇಲ್ಲವೇ ಕೊರಳು ಎಳೆಯುತ್ತದೆ. ನಾಲ್ಕು ಸಲ ಹಾಗಾದ ಮೇಲೆ ಅದು ಮಲಗುವುದಕ್ಕೇ ಹಿಂಜರಿಯುತ್ತದೆ. ಆರೋಗ್ಯವಾಗಿರುವ ಹಾಲಿನ ಹಸು ದಿನದಲ್ಲಿ 10ರಿಂದ 14 ಗಂಟೆ ಮಲಗುತ್ತದೆ. ಮೇವಿಗೂ ಮಲಗುವುದಕ್ಕೂ ಒಟ್ಟಿಗೆ ಅಡ್ಡಿ ಮಾಡಿ ಆಮೇಲೆ ಬಿಟ್ಟರೆ, ಮೊದಲು ಮಲಗಲು ಹೋಗುತ್ತದೆ, ಮೇವು ಆಮೇಲೆ. ವಿಜ್ಞಾನಿಗಳು ಇದನ್ನು ಒಂದಕ್ಕಿಂತ ಹೆಚ್ಚು ಸಲ ಪರೀಕ್ಷಿಸಿ ನೋಡಿದ್ದಾರೆ. ಎಷ್ಟೋ ವಾರ ನೆಟ್ಟಗೆ ಮಲಗದ ಜೀವ ಅದು. ಕೀಲಿನಲ್ಲಿ ನೋವು. ಕರೆಯಲು ಬಂದವರು ಪ್ರತಿಸಲವೂ ಬೆನ್ನ ಹಿಂದಿನಿಂದಲೇ ಬರಬೇಕು. ದನದ ಕಣ್ಣು ತಲೆಯ ಪಕ್ಕಕ್ಕಿರುವುದರಿಂದ ಸುತ್ತಲೂ ಸುಮಾರು 330 ಡಿಗ್ರಿ ಕಾಣುತ್ತದೆ, ನೇರ ಹಿಂದೆ ಮಾತ್ರ ಕಾಣುವುದಿಲ್ಲ. ಕಾಣದ ಕಡೆಯಿಂದ ತಟ್ಟನೆ ಕೆಚ್ಚಲಿಗೆ ಕೈ ಬಿದ್ದರೆ ಒದೆಯದೆ ಇನ್ನೇನು ಮಾಡೀತು?

ಹಸುವನ್ನು ಹೊಡೆದುಕೊಂಡು ಬಂದೆ. ನನ್ನ ಕೊಟ್ಟಿಗೆ ದೊಡ್ಡದೇನಲ್ಲ. ಮಲಗುವ ಕಡೆ ಮಣ್ಣಿನ ನೆಲ, ಅದರ ಮೇಲೆ ದಪ್ಪಗೆ ಒಣಹುಲ್ಲು. ಪಕ್ಕದಲ್ಲಿ ಬೇಲಿ ಹಾಕಿದ ಬಯಲು. ಕರೆಯುವ ಹೊತ್ತು ಬಿಟ್ಟರೆ ಹಸುಗಳನ್ನು ಅಲ್ಲೇ ಬಿಟ್ಟಿರುತ್ತೇನೆ. ಮೊದಲ ದಿನ ಕೆಂಪಿ ಏನೂ ತಿನ್ನಲಿಲ್ಲ. ಒಣಹುಲ್ಲಿನ ಮೇಲೆ ನಿಂತು ತುಂಬ ಹೊತ್ತು ಮೂಸಿತು. ಮಲಗಿತು ನೋಡಿ, ಸಂಜೆಯ ಹಾಲಿನ ಹೊತ್ತಿಗೂ ಏಳಲಿಲ್ಲ. ಕತ್ತನ್ನು ಹೊಟ್ಟೆಯ ಕಡೆಗೆ ಮಡಚಿ, ಮೂತಿಯನ್ನು ಪಕ್ಕೆಗೆ ಆನಿಸಿ ಮಲಗಿದ್ದನ್ನು ಕಂಡು ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ. ಅಂದು ತಡವಾಗಿ ಕರೆದೆ.

ಮೊದಲ ನಾಲ್ಕು ದಿನದಲ್ಲಿ ಎರಡು ಸಲ ಒದ್ದಿತು, ಒಮ್ಮೆ ಬಕೆಟ್ಟು ಉರುಳಿತು. ನಾನು ಕಾಲು ಕಟ್ಟಲಿಲ್ಲ. ದೂರದಿಂದಲೇ ಮಾತಾಡಿಸುತ್ತಾ ಭುಜದ ಕಡೆಯಿಂದ ಬರುವುದು, ಬೆನ್ನ ಮೇಲೆ ಕೈಯಿಟ್ಟು ಅಲ್ಲಿಂದ ಮೆಲ್ಲಗೆ ಕೆಚ್ಚಲಿನವರೆಗೆ ಸವರುವುದು, ಬಕೆಟ್ಟಿನ ಹಿಡಿ ಸದ್ದಾಗದಂತೆ ಇಡುವುದು, ಇಷ್ಟು ಮಾಡಿದೆ. ದನದ ಕಿವಿ ನಮ್ಮದಕ್ಕಿಂತ ಚುರುಕು, ನಮಗೆ ಕೇಳದ ತೀಕ್ಷ್ಣ ಸದ್ದೂ ಅದಕ್ಕೆ ಕೇಳುತ್ತದೆ. ಕಬ್ಬಿಣಕ್ಕೆ ಕಬ್ಬಿಣ ತಾಕಿದ ಸದ್ದಿಗೆ ಬೆಚ್ಚುವ ಹಸುವನ್ನು ನೋಡಿದವರಿಗೆ ಇದು ಗೊತ್ತಿರುತ್ತದೆ. ಒಂಬತ್ತನೆಯ ದಿನ ಬೆಳಗ್ಗೆ ಕೆಂಪಿ ಮೆಲುಕು ಹಾಕುತ್ತಾ ನಿಂತು ಹಾಲು ಕೊಟ್ಟಿತು. ಕರೆಯುವಾಗ ಹಸು ಮೆಲುಕು ಹಾಕಿತೆಂದರೆ ಅದಕ್ಕೆ ನಮ್ಮ ಭಯವಿಲ್ಲ ಎಂದೇ ನಾನು ತಿಳಿಯುವುದು. ಮೂರು ತಿಂಗಳಲ್ಲಿ ಕೀಲಿನ ಊತ ಬಹುಪಾಲು ಇಳಿಯಿತು, ಕೂದಲೂ ಬಂತು.

ಹೆದರಿದ ಹಸು ಹಾಲು ಬಿಗಿಹಿಡಿಯುತ್ತದೆ ಎಂದು ಕರೆಯುವವರೆಲ್ಲ ಬಲ್ಲರು. ಕೆಚ್ಚಲಿನಿಂದ ಹಾಲು ಇಳಿಯಲು ಆಕ್ಸಿಟೋಸಿನ್ ಎಂಬ ಹಾರ್ಮೋನು ಬೇಕು, ಹೆದರಿಕೆಯಲ್ಲಿ ಸ್ರವಿಸುವ ಅಡ್ರಿನಲಿನ್ ಅದರ ಕೆಲಸಕ್ಕೆ ಅಡ್ಡ ಬರುತ್ತದೆ. 1999ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಹಸುವಿನ ಜೊತೆ ಹಿಂದೆ ಒರಟಾಗಿ ನಡೆದುಕೊಂಡಿದ್ದ ವ್ಯಕ್ತಿ ಕರೆಯುವಾಗ ಬಂದು ಸುಮ್ಮನೆ ನಿಂತರೂ ಕೆಚ್ಚಲಿನಲ್ಲಿ ಉಳಿಯುವ ಹಾಲು ಹೆಚ್ಚಾಯಿತು. ಹಸು ಆಳನ್ನು ನೆನಪಿಡುತ್ತದೆ.

ನಾನೇ ಮಾಡಿದ ತಪ್ಪನ್ನು ಈಗ ಹೇಳಬೇಕು. ಹದಿನೈದು ವರ್ಷದ ಹಿಂದೆ ನಮ್ಮಲ್ಲಿ ಕಪ್ಪಿ ಎಂಬ ಹಸುವಿತ್ತು. ಮಕ್ಕಳು ಕೊರಳಿಗೆ ತೆಕ್ಕೆ ಹಾಕಿದರೂ ಸುಮ್ಮನಿರುತ್ತಿತ್ತು. ಒಂದು ವರ್ಷ ಮೂರು ಹಸುಗಳನ್ನು ಒಟ್ಟಿಗೆ ತಂದೆವು. ಗೋದಲಿ ಇದ್ದಷ್ಟೇ ಉದ್ದ ಉಳಿಯಿತು. ಎರಡು ವಾರದೊಳಗೆ ಕಪ್ಪಿ ಪಕ್ಕದ ಹಸುಗಳನ್ನು ಹಾಯತೊಡಗಿತು. ಮೇವು ಹಾಕಲು ಹೋದ ನನ್ನತ್ತಲೂ ಕೊಂಬು ತಿರುಗಿಸಿತು. ಎಲ್ಲರೂ "ಅದಕ್ಕೆ ಸೊಕ್ಕು ಬಂದಿದೆ" ಎಂದರು, ನಾನೂ ನಂಬಿದೆ, ಮಾರಿಬಿಟ್ಟೆವು. ಅದು ಹೋದ ಮೇಲೆ ಹಾಯುವ ಕೆಲಸವನ್ನು ಇನ್ನೊಂದು ಹಸು ಹಿಡಿಯಿತು. ಅದೂ ಅಷ್ಟೇ ಸಾಧುವಾಗಿದ್ದ ಹಸು. ಆಗ ನನ್ನ ಕಣ್ಣು ಗೋದಲಿಯ ಮೇಲೆ ಬಿತ್ತು. ಒಂದೊಂದು ತಲೆಗೆ ಒಂದೂವರೆ ಅಡಿಯೂ ಇರಲಿಲ್ಲ. ಹಿಂದೆ ನಿಂತ ಹಸು ಹಸಿದುಕೊಂಡೇ ನಿಲ್ಲಬೇಕು, ಮುಂದಿನದು ತಿನ್ನುತ್ತಲೇ ಕಾದಾಡಬೇಕು. ಗೋದಲಿಯನ್ನು ಎರಡರಷ್ಟು ಮಾಡಿಸಿದ ಮೇಲೆ ಜಗಳ ನಿಂತಿತು. ಎಷ್ಟೋ ವರ್ಷದ ಮೇಲೆ ಓದಿದೆ, 2004ರ ಒಂದು ಅಧ್ಯಯನದಲ್ಲಿ ಪ್ರತಿ ಹಸುವಿಗೆ ಮೇವಿನ ಜಾಗವನ್ನು ಅರ್ಧ ಮೀಟರಿನಿಂದ ಒಂದು ಮೀಟರಿಗೆ ಏರಿಸಿದಾಗ ತಳ್ಳಾಟ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಕಪ್ಪಿ ಆ ಹೊತ್ತಿಗೆ ಎಲ್ಲಿತ್ತೋ. ಆಮೇಲೆ ಯಾವ ಹಸುವಿನ ಮೇಲೆ ದೂರು ಬಂದರೂ ನಾನು ಮೊದಲು ಅದು ನಿಂತ ಜಾಗ ನೋಡುತ್ತೇನೆ.

ಸ್ವಭಾವದಲ್ಲಿ ವಂಶದ ಪಾಲು ಇಲ್ಲವೆಂದು ನಾನು ಹೇಳುತ್ತಿಲ್ಲ, ಇದೆ. ದನಗಳ ನಡವಳಿಕೆಯನ್ನೇ ಜೀವಮಾನದ ಕೆಲಸ ಮಾಡಿಕೊಂಡ ಅಮೆರಿಕದ ಟೆಂಪಲ್ ಗ್ರ್ಯಾಂಡಿನ್ ಮತ್ತು ಜೊತೆಗಾರರು 1995ರಲ್ಲಿ ಹಣೆಯ ಸುಳಿಯ ಮೇಲೆ ಒಂದು ಲೇಖನ ಪ್ರಕಟಿಸಿದರು. ಸುಳಿ ಕಣ್ಣಿನ ಮಟ್ಟಕ್ಕಿಂತ ಮೇಲಿದ್ದ ದನಗಳು ಹಿಡಿದು ನಿಲ್ಲಿಸಿದಾಗ ಹೆಚ್ಚು ಚಡಪಡಿಸಿದವು ಎಂದು ಅದರಲ್ಲಿದೆ. ಹುಟ್ಟಿನಿಂದ ಬಂದದ್ದನ್ನು ನಾವು ತಿದ್ದಲಾರೆವು. ಬೇಗ ಬೆದರುವ ಹಸುವಿಗೆ ಕೆಟ್ಟ ಕೊಟ್ಟಿಗೆ ಇನ್ನೂ ಹೆಚ್ಚು ಕೆಡುಕು ಮಾಡುತ್ತದೆ ಎಂದಷ್ಟೇ ನನ್ನ ಅನುಭವ. ಅದೇ ಟೆಂಪಲ್ ಗ್ರ್ಯಾಂಡಿನ್ ದನ ಹಾಯುವ ದಾರಿಯಲ್ಲಿ ನೆಲದ ಮೇಲೆ ಬಿದ್ದ ನೆರಳು, ತೂಗಾಡುವ ಸರಪಳಿ, ಥಟ್ಟನೆ ಬೆಳಕಿನಿಂದ ಕತ್ತಲೆಗೆ ಹೋಗುವ ಬಾಗಿಲು ಇವುಗಳನ್ನೆಲ್ಲ ಎತ್ತಿ ತೋರಿಸಿದವರು. ಹಸು ಕೊಟ್ಟಿಗೆಯ ಬಾಗಿಲಲ್ಲಿ ಹಠ ಹಿಡಿದು ನಿಂತರೆ ಹಿಂದಿನಿಂದ ಕೋಲು ಆಡಿಸುವವರು, ಒಮ್ಮೆ ಹಸುವಿನ ಕಣ್ಣಿನ ಮಟ್ಟಕ್ಕೆ ಬಗ್ಗಿ ಒಳಗೆ ನೋಡಲಿ. ನಮ್ಮಲ್ಲಿ ಹಾಗೆ ನಿಲ್ಲುತ್ತಿದ್ದ ಕಡಸಿಗೆ ಅಡ್ಡವಾಗಿದ್ದದ್ದು ಬಾಗಿಲ ಮೊಳೆಗೆ ನೇತುಹಾಕಿದ್ದ ಒಂದು ಹಳದಿ ಪ್ಲಾಸ್ಟಿಕ್ ಚೀಲ.

ಮೇಯುವ ನೆಲದ ಮಾತಿಗೆ ಬರುತ್ತೇನೆ. ಕಟ್ಟಿಯೇ ಸಾಕಿದ ದನ ಕೆಲವೊಮ್ಮೆ ನಾಲಗೆಯನ್ನು ಹೊರಚಾಚಿ ಗಾಳಿಯಲ್ಲಿ ಸುರುಳಿ ಸುತ್ತುತ್ತಾ ಗಂಟೆಗಟ್ಟಲೆ ನಿಲ್ಲುತ್ತದೆ. ನೋಡಿದವರು ಚಟ ಎನ್ನುತ್ತಾರೆ. ಹಸುವಿನ ನಾಲಗೆ ಇರುವುದೇ ಹುಲ್ಲನ್ನು ಸುತ್ತಿ ಕೀಳುವುದಕ್ಕೆ. ಬಯಲಿಗೆ ಬಿಟ್ಟರೆ ದಿನದಲ್ಲಿ ಎಂಟೊಂಬತ್ತು ಗಂಟೆ ಅದೇ ಕೆಲಸ ಮಾಡುತ್ತದೆ. ಗೋದಲಿಗೆ ಕತ್ತರಿಸಿ ಹಾಕಿದ ಮೇವು ಬೇಗ ಖಾಲಿಯಾಗುತ್ತದೆ, ನಾಲಗೆಯ ಆಸೆ ತೀರಿರುವುದಿಲ್ಲ. ಸ್ವೀಡನ್ನಿನಲ್ಲಿ ಕಟ್ಟಿಹಾಕಿದ ಕಡಸುಗಳ ಈ ನಾಲಗೆ ಸುತ್ತುವಿಕೆಯನ್ನು ವರ್ಷಗಟ್ಟಲೆ ಗಮನಿಸಿದ್ದಾರೆ, ಮೇಯಲು ಬಿಟ್ಟಾಗ ಅದು ಹೋಯಿತೆಂದು ದಾಖಲಿಸಿದ್ದಾರೆ. ಅದೇ ದೇಶ 1988ರ ಪ್ರಾಣಿ ಕಲ್ಯಾಣ ಕಾನೂನಿನ ಮೂಲಕ ಹಾಲಿನ ಹಸುಗಳಿಗೆ ಬೇಸಿಗೆಯಲ್ಲಿ ಹೊರಗೆ ಮೇಯುವ ಹಕ್ಕು ಕೊಟ್ಟಿತು.

ಇನ್ನೊಂದು ಪ್ರಯೋಗವನ್ನು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು ಹಸುಗಳಿಗೆ ತಲೆಯಿಂದ ತಳ್ಳಿ ತೆರೆಯುವ ಗೇಟು ಇಟ್ಟು, ದಿನದಿನಕ್ಕೂ ಅದಕ್ಕೆ ಭಾರ ಹೆಚ್ಚಿಸುತ್ತಾ ಹೋದರು. ಗೇಟಿನಾಚೆ ಒಮ್ಮೆ ಆಗತಾನೆ ಹಾಕಿದ ಮೇವು, ಇನ್ನೊಮ್ಮೆ ಹುಲ್ಲುಗಾವಲು. ಹಸುಗಳು ಹುಲ್ಲುಗಾವಲಿಗಾಗಿ ಮೇವಿಗೆ ತಳ್ಳಿದಷ್ಟೇ ಬಲವಾಗಿ ತಳ್ಳಿದವು. 2017ರಲ್ಲಿ ಇದು ಪ್ರಕಟವಾಯಿತು. ಕಟ್ಟಿದ ಹಸು ಬಾಯಿಬಿಟ್ಟು ಕೇಳಲಾರದ್ದನ್ನು ಆ ಗೇಟು ಕೇಳಿ ತಿಳಿಸಿತು ಎಂದು ನನಗನ್ನಿಸಿತು.

ಆದರೆ ಬಯಲಿಗೆ ಬಿಟ್ಟ ಮಾತ್ರಕ್ಕೆ ದನ ಸಾಧುವಾಗುತ್ತದೆ ಎಂದರೆ ಅದೂ ತಪ್ಪು. ಒಂದು ಸಲ ನಾಲ್ಕು ಕಡಸುಗಳನ್ನು ದೂರದ ಹುಲ್ಲುಗಾವಲಿನಲ್ಲಿ ನಾಲ್ಕು ತಿಂಗಳು ಬಿಟ್ಟಿದ್ದೆವು. ಬೇಲಿ ಗಟ್ಟಿ, ನೀರಿತ್ತು, ಹುಲ್ಲು ಮೊಣಕಾಲೆತ್ತರ. ನಾವು ಹದಿನೈದು ದಿನಕ್ಕೊಮ್ಮೆ ಹೋಗಿ ಬೇಲಿಯಾಚೆಯಿಂದ ಎಣಿಸಿ ಬರುತ್ತಿದ್ದೆವು. ತರಲು ಹೋದ ದಿನ ಇಪ್ಪತ್ತು ಹೆಜ್ಜೆ ದೂರದಲ್ಲಿ ನಮ್ಮನ್ನು ಕಂಡೇ ಬಾಲ ಎತ್ತಿ ಓಡಿದವು. ಮನುಷ್ಯ ಎಷ್ಟು ಹತ್ತಿರ ಬಂದರೆ ದನ ಸರಿದುಹೋಗುತ್ತದೆ ಎಂಬುದಕ್ಕೊಂದು ಅಂತರವಿದೆ. ದಿನಾ ಮೈದಡವಿಸಿಕೊಳ್ಳುವ ಹಸುವಿಗೆ ಆ ಅಂತರ ಇಲ್ಲವೆನ್ನುವಷ್ಟು ಕಡಿಮೆ, ಜನರನ್ನೇ ಕಾಣದೆ ಬೆಳೆದ ದನಕ್ಕೆ ಹತ್ತಾರು ಮೀಟರು. ನಮ್ಮ ಕಡಸುಗಳನ್ನು ಮತ್ತೆ ಕೈಗೆ ತರಲು ಎರಡು ತಿಂಗಳು ಹಿಡಿಯಿತು. ಈಗ ದೂರದಲ್ಲಿ ಬಿಟ್ಟ ದನದ ನಡುವೆ ದಿನಕ್ಕೊಮ್ಮೆಯಾದರೂ ಒಬ್ಬರು ಸುಮ್ಮನೆ ನಡೆದಾಡಿ ಬರುತ್ತೇವೆ.

ಬಯಲಿನ ಗುಣವೂ ಮುಖ್ಯ. ಮರದ ನೆರಳು ಒಂದೇ ಇದ್ದು ಹಸು ಹತ್ತಿದ್ದರೆ, ಬಿಸಿಲೇರಿದಂತೆ ಅಲ್ಲೇ ಗುದ್ದಾಟ. ನೀರಿನ ತೊಟ್ಟಿ ಬೇಲಿಯ ಮೂಲೆಯಲ್ಲಿದ್ದರೆ ಜೋರಿನ ಹಸು ಅಡ್ಡ ನಿಂತು ಉಳಿದವನ್ನು ಬಿಡುವುದಿಲ್ಲ. ನಾವು ತೊಟ್ಟಿಯನ್ನು ನಡುಬಯಲಿಗೆ ತಂದೆವು. ಕಚ್ಚುವ ನೊಣ ಹೆಚ್ಚಾದ ದಿನ ಹಸುಗಳು ಮೇಯುವುದನ್ನು ಬಿಟ್ಟು ಒತ್ತೊತ್ತಾಗಿ ಗುಂಪುಗಟ್ಟಿ ನಿಲ್ಲುತ್ತವೆ, ಕಾಲು ಬಡಿಯುತ್ತವೆ, ಬಾಲ ನಿಲ್ಲುವುದಿಲ್ಲ. ಅಂಥ ಸಂಜೆ ಕರೆಯಲು ಕುಳಿತು ಒದೆ ತಿಂದರೆ ಹಸುವನ್ನು ಬೈಯುವುದು ಅನ್ಯಾಯ.

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಹೆದರಿಸಿದ್ದು ಹುಲ್ಲೇ. ಒಂದು ವರ್ಷ ಮಳೆಯಾದ ಮೇಲೆ ಎಳೆಹುಲ್ಲು ಹುಲುಸಾಗಿ ಬಂದಿತ್ತು. ಹೊಸದಾಗಿ ಕರು ಹಾಕಿದ್ದ, ಬಹಳ ಸಾಧುವಾದ ಹಸು ಮೂರನೆಯ ದಿನ ಕಿವಿ ಅದುರಿಸುತ್ತಾ, ಕಣ್ಣರಳಿಸಿ, ನನ್ನನ್ನು ಕಂಡು ನುಗ್ಗಿ ಬಂತು. ನಡಿಗೆ ತೂರಾಡುತ್ತಿತ್ತು. ಭಾಗ್ಯಕ್ಕೆ ಪಶುವೈದ್ಯರು ಬೇಗ ಬಂದರು. ರಕ್ತದಲ್ಲಿ ಮೆಗ್ನೀಸಿಯಂ ಕಡಿಮೆಯಾಗಿದೆ ಎಂದು ಗುರುತಿಸಿ ಚುಚ್ಚುಮದ್ದು ಕೊಟ್ಟರು. ವೇಗವಾಗಿ ಬೆಳೆದ ಎಳೆಹುಲ್ಲಿನಲ್ಲಿ ಈ ಖನಿಜ ಕಡಿಮೆ, ಹಾಲು ಕೊಡುವ ಹಸುವಿಗೆ ಬೇಕಾದದ್ದು ಹೆಚ್ಚು. ತಡವಾದರೆ ಗಂಟೆಗಳಲ್ಲೇ ಪ್ರಾಣ ಹೋಗುತ್ತದೆ. ಆ ದಿನ ನಾನು ಅದನ್ನು ಕಟ್ಟಿ ಹೊಡೆದಿದ್ದರೆ? ಸಾಧು ಹಸುವಿನ ಸ್ವಭಾವ ಇದ್ದಕ್ಕಿದ್ದಂತೆ ಬದಲಾದರೆ ದಯವಿಟ್ಟು ವೈದ್ಯರನ್ನು ಕರೆಸಿ. ಕೆಚ್ಚಲು ಬಾವು, ಮೊಲೆಯ ಸೀಳು, ಗೊರಸಿನ ಹುಣ್ಣು, ಏನೂ ಇರಬಹುದು. ಜೊಲ್ಲು ಸುರಿಸುತ್ತಾ ದನಿ ಬದಲಾಗಿ ಕೂಗುತ್ತಿದ್ದರೆ ಹುಚ್ಚುರೋಗವೂ ಇರಬಹುದು. ಅಂಥ ದನದ ಬಾಯೊಳಗೆ ಕೈ ಹಾಕಬೇಡಿ.

ಕರುಗಳ ಬಗ್ಗೆ ಎರಡು ಮಾತು. ಹುಟ್ಟಿದ ಕರುವನ್ನು ಒಂಟಿಯಾಗಿ ಗೂಡಿನಲ್ಲಿ ಬೆಳೆಸಿದರೆ ರೋಗ ತಗಲುವುದಿಲ್ಲ ಎಂದು ಹಲವರು ಹಾಗೆ ಮಾಡುತ್ತಾರೆ. ಆದರೆ ಜೊತೆಯಿಲ್ಲದೆ ಬೆಳೆದ ಕರು ಹೊಸ ಮೇವಿಗೂ ಹೊಸ ಜಾಗಕ್ಕೂ ಹೆಚ್ಚು ಹೆದರುತ್ತದೆ, ಕಲಿತದ್ದನ್ನು ಬದಲಿಸಿಕೊಳ್ಳಲು ತಡಬಡಿಸುತ್ತದೆ ಎಂದು ಈಚಿನ ಅಧ್ಯಯನಗಳು ಹೇಳುತ್ತಿವೆ. ನಾನು ಎರಡೆರಡನ್ನು ಒಟ್ಟಿಗೆ ಬಿಡುತ್ತೇನೆ. ಹಾಸು ಒಣಗಿರುವಂತೆ ನೋಡಿಕೊಳ್ಳುತ್ತೇನೆ. ಹೋರಿಗಳ ವಿಷಯದಲ್ಲಂತೂ ಇದು ಮನುಷ್ಯರ ಜೀವದ ಪ್ರಶ್ನೆ. ಬೇರೆ ದನಗಳ ಸಹವಾಸವಿಲ್ಲದೆ ಒಂಟಿಯಾಗಿ ಬೆಳೆದ ಹೋರಿಗಳು ಗುಂಪಿನಲ್ಲಿ ಬೆಳೆದವುಗಳಿಗಿಂತ ಹೆಚ್ಚಾಗಿ ಮನುಷ್ಯರನ್ನು ಬೆದರಿಸುತ್ತವೆ ಎಂದು 1990ರಷ್ಟು ಹಿಂದೆಯೇ ಕಂಡುಕೊಂಡಿದ್ದಾರೆ. ಮುದ್ದಿನಿಂದ ಬಾಟಲಿ ಹಾಲು ಕುಡಿಸಿ, ಹಣೆಗೆ ಹಣೆ ಕೊಟ್ಟು ಆಡಿಸಿದ ಗಂಡುಕರು ಬೆಳೆದ ಮೇಲೆ ಅದೇ ಆಟವನ್ನು ತನ್ನ ಪೂರ್ತಿ ತೂಕದಿಂದ ಆಡಲು ಬರುತ್ತದೆ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಹೈನುಗಾರಿಕೆಯ ಲೇಖನಗಳಲ್ಲಿ ಲೀಟರಿನ ಲೆಕ್ಕದ ಜೊತೆಗೆ ಹಸು ಎಷ್ಟು ಗಂಟೆ ಮಲಗುತ್ತದೆ ಎಂಬುದನ್ನೂ ಬರೆಸಿ. ಮಾದರಿ ಕೊಟ್ಟಿಗೆಯ ಚಿತ್ರ ಹಾಕುವಾಗ ಖಾಲಿ ಕೊಟ್ಟಿಗೆಯ ಬದಲು ಹಸು ಮಲಗಿರುವ ಕೊಟ್ಟಿಗೆಯ ಚಿತ್ರ ಹಾಕಿ. ತಲೆಯ ಮುಂದೆ ಎಷ್ಟು ಜಾಗವಿದೆ, ನೆಲ ಜಾರುತ್ತದೆಯೇ ಎಂದು ಓದುಗರಿಗೆ ಕಾಣಲಿ. ಬ್ರಿಟನ್ನಿನ ಬ್ರಾಂಬೆಲ್ ಸಮಿತಿ 1965ರಲ್ಲೇ ಸಾಕುಪ್ರಾಣಿಗೆ ಏಳಲು, ಮಲಗಲು, ತಿರುಗಲು, ಮೈ ನೆಕ್ಕಿಕೊಳ್ಳಲು, ಕೈಕಾಲು ಚಾಚಲು ಆಗಬೇಕು ಎಂದು ಬರೆದಿಟ್ಟಿತು. ಹೊಸ ಕೊಟ್ಟಿಗೆ ಕಟ್ಟಿಸುವವರು ಈ ಐದನ್ನು ಮೇಸ್ತ್ರಿಯ ಕೈಗೆ ಬರೆದುಕೊಟ್ಟರೂ ಸಾಕು. ಜಾಗವೇ ಇಲ್ಲದವರು ಹಗ್ಗವನ್ನು ಉದ್ದ ಮಾಡಿ, ಸಿಮೆಂಟಿಗೆ ಗೆರೆ ಕೊರೆಸಿ, ಒಣಹುಲ್ಲನ್ನೋ ರಬ್ಬರು ಹಾಸನ್ನೋ ಹಾಕಿ, ದಿನಕ್ಕೆ ಒಂದೆರಡು ಗಂಟೆಯಾದರೂ ಹೊರಗೆ ಬಿಡಲಿ.

ಕೆಂಪಿಯನ್ನು ಕೊಟ್ಟವರು ಹೋದ ವರ್ಷ ನಮ್ಮಲ್ಲಿಗೆ ಬಂದಿದ್ದರು. ಹಸು ಮೆಲುಕು ಹಾಕುತ್ತಾ ನಿಂತಿತ್ತು, ನಾನು ಪಕ್ಕದಲ್ಲಿ ಕುಳಿತು ಕರೆಯುತ್ತಿದ್ದೆ. ಅವರು ತುಂಬ ಹೊತ್ತು ನೋಡಿ, "ಇದಕ್ಕೆ ಏನು ಕೊಟ್ರಿ ಅಕ್ಕಾ?" ಎಂದು ಕೇಳಿದರು. ಏನೂ ಕೊಡಲಿಲ್ಲ, ಮಲಗಲು ಬಿಟ್ಟೆ ಎಂದೆ. ಅವರ ಕೊಟ್ಟಿಗೆಯಲ್ಲಿ ಈಗ ಬೇರೆ ಹಸುವಿದೆ, ಅದೂ ಒದೆಯುತ್ತಿದೆಯಂತೆ. ಕಳೆದ ತಿಂಗಳು ಅವರು ಎದುರಿನ ಗೋಡೆಯನ್ನು ಎದೆಮಟ್ಟಕ್ಕೆ ಇಳಿಸಿ ಹಗ್ಗ ಬದಲಾಯಿಸಿದ್ದಾರೆ. ನೆಲ ಇನ್ನೂ ಹಾಗೇ ಇದೆ. ಬಿಡುವಾದಾಗ ಗೆರೆ ಹೊಡೆಸುತ್ತೇನೆ ಎಂದಿದ್ದಾರೆ. ಅಲ್ಲಿಯವರೆಗೆ ಹಾಸಲು ನಾನು ಎರಡು ಹೊರೆ ಒಣಹುಲ್ಲು ಕಳಿಸಿದ್ದೇನೆ.

ಇತಿ,
ಹಸು ಸಾಕುವ ಒಬ್ಬ ಓದುಗಳು